ಕಾಲ ತಪ್ಪಿದ ಪೆಟ್ಟಿಗೆ

ಮನೆಯಲ್ಲಿ ಯಾವುದಾದರೊಂದು ಉಪಕರಣವು ಕೆಲಸ ಮಾಡದೆ ನಿಂತಿತೆಂದರೆ ‘ಹಾಳಾಯಿತು’ ಎಂಬ ಒಂದೇ ಮಾತಿನಿಂದ ಅದರ ಕತೆಯನ್ನು ಮುಗಿಸಿಬಿಡುವುದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಯಾವುದು ಹಾಳಾಯಿತು, ಎಷ್ಟು ಹಾಳಾಯಿತು, ಕೆಟ್ಟಿರುವುದು ಅದೋ ಅಥವಾ ಅದರ ಸುತ್ತಲಿನ ಬೇರೆ ಏನಾದರೂ ಒಂದೋ ಎಂದು ವಿಚಾರಿಸುವ ತಾಳ್ಮೆ ಯಾರಿಗೂ ಇಲ್ಲ. ಇತರರನ್ನು ದೂರುವುದೇಕೆ? ನಮಗೂ ಇರಲಿಲ್ಲ. ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲದಲ್ಲಿ, ಶ್ಲೋಕಕ್ಕೆ ಅನ್ವಯ ಹೊಂದಿಸಲಾರದ ಹುಡುಗನು ‘ಪುಸ್ತಕದಲ್ಲಿಯೇ ತಪ್ಪಿದೆ’ ಎಂದರೆ ನಾವು ನಗುತ್ತಿದ್ದೆವು. ‘ಮೊದಲು ಪದಚ್ಛೇದ ಮಾಡು, ಕವಿಯ ತಪ್ಪನ್ನು ಆಮೇಲೆ ಹುಡುಕು’ ಎಂದು ಉಪದೇಶಿಸುತ್ತಿದ್ದೆವು. ಆ ಉಪದೇಶವು ನಮಗೇ ಬೇಕಾಗುವ ಸಂದರ್ಭವೊಂದು ಕಳೆದ ವೈಶಾಖದಲ್ಲಿ ಒದಗಿತು. ಸಂಗತಿಯು ಅಲ್ಪವಾದದ್ದು: ಹಳೆಯ ಸೆಟ್ ಟಾಪ್ ಬಾಕ್ಸ್ ಒಂದರಲ್ಲಿ ಅಂತರ್ಜಾಲದ ಮೂಲಕ ಬರುತ್ತಿದ್ದ ರೇಡಿಯೋ ನಿಂತುಹೋಯಿತು. ಅದನ್ನು ಸರಿಪಡಿಸಲು ಹೊರಟು ನಾವು ತಿಳಿದುಕೊಂಡದ್ದು ಮಾತ್ರ ಅಷ್ಟು ಅಲ್ಪವಲ್ಲವೆಂದು ತೋರುವುದರಿಂದ ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮ ಅಕ್ಕನ ಮನೆ ಕಾರ್ಕಳದಲ್ಲಿ. ಅಂಗಳದಲ್ಲಿ ನಿಂತರೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನು ಬಂಡೆಯ ಗುಡ್ಡದ ಮೇಲೆ ಕಾಣುತ್ತಾನೆ. ಅಕ್ಕನಿಗೆ ಈಗ ಕಾಣುವುದಿಲ್ಲ. ಅವಳಿಗೆ ಗ್ಲಾಕೋಮ ಎಂಬ ನೇತ್ರರೋಗ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡವು ಹೆಚ್ಚಿ, ದೃಷ್ಟಿಯ ನರವು ನೋವಿಲ್ಲದೆ, ಸದ್ದಿಲ್ಲದೆ ಕ್ಷಯಿಸುತ್ತ ಬರುವ ರೋಗವದು. ಮೊದಲು ಅಂಚಿನ ನೋಟ ಹೋಗುತ್ತದೆ. ರೋಗಿಗೆ ಅರಿವಾಗುವ ಹೊತ್ತಿಗೆ ಬಹುಪಾಲು ಕಳೆದುಹೋಗಿರುತ್ತದೆ. ಕಳೆದದ್ದು ಮರಳುವುದಿಲ್ಲ; ಉಳಿದದ್ದನ್ನು ಔಷಧದಿಂದ ಕಾಪಾಡಿಕೊಳ್ಳಬೇಕು, ಅಷ್ಟೆ. ಅಕ್ಕನ ವಿಷಯದಲ್ಲಿ ಕಾಪಾಡಲು ಹೆಚ್ಚೇನೂ ಉಳಿದಿರಲಿಲ್ಲ. ಭಾವನವರು ತೀರಿಕೊಂಡಿದ್ದಾರೆ. ಮಗನೂ ಸೊಸೆಯೂ ಹಗಲು ಉದ್ಯೋಗಕ್ಕೆ ಹೋಗುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವಳಿಗೆ ಜೊತೆಯೆಂದರೆ ರೇಡಿಯೋ.

ರೇಡಿಯೋ ಅವಳಿಗೆ ಹೊಸದಲ್ಲ. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿಯು ಆರಂಭವಾದಾಗ ಅವಳು ಮದುವೆಯಾಗಿ ಕಾರ್ಕಳಕ್ಕೆ ಬಂದ ಹೊಸತು. ಆ ನಿಲಯದ ಮಧ್ಯಮ ತರಂಗದ ಪ್ರಸಾರ ಯಂತ್ರವನ್ನು ನಮ್ಮ ಉಡುಪಿಯ ಸಮೀಪದ ಬ್ರಹ್ಮಾವರದಲ್ಲಿ ಸ್ಥಾಪಿಸಿದ್ದರು. ತುಳುವಿನ ಪಾಡ್ದನ, ಯಕ್ಷಗಾನದ ತಾಳಮದ್ದಳೆ, ಕೃಷಿಕರ ಕಾರ್ಯಕ್ರಮ ಎಲ್ಲವೂ ಅಡಿಗೆಮನೆಯ ಕಪಾಟಿನ ಮೇಲಿನ ಪೆಟ್ಟಿಗೆಯಿಂದ ಕೇಳಿಬರುವುದು ಆಗ ಒಂದು ವಿಸ್ಮಯ. ಪುರಾಣಗಳಲ್ಲಿ ಅಶರೀರವಾಣಿಗೆ ಇದ್ದ ಹೆಸರನ್ನು 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಹುಟ್ಟಿದ ಸಣ್ಣ ನಿಲಯವು ತಾಳಿತು. ಆ ಹೆಸರೇ ಮುಂದೆ ದೇಶಕ್ಕೆಲ್ಲ ಸಂದಿತು. ಸಂಸ್ಕೃತದ ಒಂದು ಮಾತು ಇಷ್ಟು ಮನೆಗಳ ಒಳಗೆ ಹೊಕ್ಕಿತಲ್ಲಾ ಎಂದು ನಮಗೆ ಇಂದಿಗೂ ಸಂತೋಷ.

ಆದರೆ ಅಕ್ಕನ ಮನೆಯಿರುವುದು ತಗ್ಗಿನಲ್ಲಿ. ಮಳೆಗಾಲ ಬಂತೆಂದರೆ ಘಟ್ಟದ ಬುಡದ ಸಿಡಿಲು ಮಿಂಚುಗಳ ದೆಸೆಯಿಂದ ಮಧ್ಯಮ ತರಂಗದಲ್ಲಿ ಹುರಿಗಡಲೆ ಹುರಿದಂಥ ಸದ್ದು; ಎಫ್‌ಎಂ ತರಂಗವೋ ನೇರವಾಗಿ ಸಾಗುವಂಥದು, ಗುಡ್ಡವನ್ನು ಬಳಸಿ ಒಳಬರಲಾರದು. ಆದ್ದರಿಂದ ಕೊಲ್ಲಿಯ ದೇಶದಲ್ಲಿ ಉದ್ಯೋಗದಲ್ಲಿದ್ದ ನಮ್ಮ ಸೋದರಳಿಯನೊಬ್ಬನು ಹಲವು ವರ್ಷಗಳ ಹಿಂದೆ ಊರಿಗೆ ಬಂದಾಗ ಒಂದು ಸೆಟ್ ಟಾಪ್ ಬಾಕ್ಸನ್ನು ತಂದು ಟೆಲಿವಿಷನ್ನಿಗೂ ಅಂತರ್ಜಾಲದ ತಂತಿಗೂ ಜೋಡಿಸಿ, ಅದರಲ್ಲಿ ಏಳು ರೇಡಿಯೋ ನಿಲಯಗಳನ್ನು ಅಣಿಮಾಡಿಕೊಟ್ಟನು. ರಿಮೋಟಿನಲ್ಲಿ ಒಂದನ್ನು ಒತ್ತಿದರೆ ಮಂಗಳೂರು, ಎರಡಕ್ಕೆ ಬೆಂಗಳೂರು, ಮೂರಕ್ಕೆ ಧಾರವಾಡ, ನಾಲ್ಕಕ್ಕೆ ದಿಲ್ಲಿ, ಐದಕ್ಕೆ 2016ರಲ್ಲಿ ಆರಂಭವಾದ ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ, ಆರಕ್ಕೆ ಹೊರದೇಶದ ಕನ್ನಡಿಗರು ನಡೆಸುವ ಹಾಡುಗಳ ನಿಲಯ, ಏಳಕ್ಕೆ ಭಜನೆಗಳು. ಐದರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಕಣ್ಣಿದ್ದವರು ಅದನ್ನು ಗಮನಿಸುವುದೇ ಇಲ್ಲ. ಅಕ್ಕನು ಆ ಉಬ್ಬನ್ನು ಬೆರಳಿನಿಂದ ಮುಟ್ಟಿ, ಅಲ್ಲಿಂದ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎಣಿಸಿ ತನಗೆ ಬೇಕಾದ ಊರಿಗೆ ಹೋಗುತ್ತಿದ್ದಳು.

ನಾಲ್ಕನೆಯದರ ಮೇಲೆ ಅವಳಿಗೆ ವಿಶೇಷ ಪ್ರೀತಿ. ಆಕಾಶವಾಣಿಯು 1974ರ ಜೂನ್ 30ರಿಂದ ಸಂಸ್ಕೃತದಲ್ಲಿ ವಾರ್ತೆಗಳನ್ನು ಬಿತ್ತರಿಸುತ್ತ ಬಂದಿದೆ. ನಾವು ಹುಡುಗರಾಗಿದ್ದಾಗ ಶಬ್ದರೂಪಗಳನ್ನು ಗಟ್ಟಿಯಾಗಿ ಹೇಳುತ್ತಿದ್ದುದನ್ನು ಕೇಳಿ ಕೇಳಿ ಅವಳಿಗೂ ಅರೆಬರೆ ಸಂಸ್ಕೃತ ಬಂದಿತ್ತು. ದಿನವೂ ಬೆಳಿಗ್ಗೆ ವಾರ್ತೆ ಮುಗಿದೊಡನೆ ಉಡುಪಿಗೆ ದೂರವಾಣಿಯಲ್ಲಿ ಮಾತಾಡಿ, ‘ರೈಲುಗಾಡಿಗೆ ಏನೋ ಒಂದು ದೊಡ್ಡ ಶಬ್ದ ಹೇಳಿದರು ಮಾರಾಯ, ಅದು ಯಾವ ಧಾತು?’ ಎಂದು ಕೇಳುವಳು. ಸುಮಾರು ಒಂದು ವರ್ಷದಿಂದ ಆ ಪ್ರಶ್ನೆಗಳು ನಿಂತಿದ್ದವು. ವಯಸ್ಸಾಯಿತು, ಆಸಕ್ತಿ ಕುಗ್ಗಿತು ಎಂದು ನಾವು ತಿಳಿದೆವು. ಒಳಗೊಳಗೆ ಸ್ವಲ್ಪ ಬೇಸರವನ್ನೂ ಪಟ್ಟೆವು. ಕೇಳಲಿಲ್ಲ.

ವೈಶಾಖದ ಒಂದು ರಾತ್ರಿ ಕಾರ್ಕಳದಲ್ಲಿ ಗಾಳಿಮಳೆ ಬಂದು ಮರ ಬಿದ್ದು, ಮರುದಿನ ಮಧ್ಯಾಹ್ನದವರೆಗೆ ವಿದ್ಯುತ್ತು ಇರಲಿಲ್ಲ. ಮನೆಯ ಇನ್ವರ್ಟರು ಕೂಡ ನಡುರಾತ್ರಿಗೇ ಕೈಬಿಟ್ಟಿತು. ವಿದ್ಯುತ್ತು ಮರಳಿದಾಗ ಪೆಟ್ಟಿಗೆಯ ದೀಪ ಹತ್ತಿತು. ಆದರೆ ಯಾವ ನಿಲಯವೂ ಮಾತಾಡಲಿಲ್ಲ. ಮಗನು ಒಳ್ಳೆಯವನು. ವಾರದೊಳಗೆ, ಮಾತಿಗೆ ಓಗೊಡುವ ಹೊಸ ಬಗೆಯ ಸ್ಪೀಕರ್ ಒಂದನ್ನು ತಂದುಕೊಟ್ಟನು. ಅಕ್ಕನು ‘ಧಾರವಾಡ ಹಾಕು’ ಎಂದರೆ ಅದು ಯಾವುದೋ ಚಲನಚಿತ್ರದ ಹಾಡನ್ನು ಹಾಕಿತು. ‘ಅದು ಬೇಡ’ ಎಂದರೆ ಧ್ವನಿಯನ್ನು ಹೆಚ್ಚಿಸಿತು. ಮೂರು ದಿನ ಪ್ರಯತ್ನಿಸಿ ಅವಳು ಸುಮ್ಮನಾದಳು. ನಾವು ಹೋದಾಗ ಟೆಲಿವಿಷನ್ನಿನ ಎದುರಿನ ಕುರ್ಚಿಯಲ್ಲಿ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಎದುರಿಗೆ ಸದ್ದಿರಲಿಲ್ಲ. ‘ಹಗಲು ಯಾವಾಗ ಮುಗಿಯಿತು ಎಂದು ಗೊತ್ತಾಗುವುದಿಲ್ಲ ಮಾರಾಯ’ ಎಂದಳು. ಪೆಟ್ಟಿಗೆಯನ್ನು ಬಿಚ್ಚಿ ಜೋಳಿಗೆಗೆ ಹಾಕಿಕೊಂಡು ಹೊರಟೆವು.

ಉಡುಪಿಯ ಒಂದು ಅಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿ, ‘ಇದರ ಕಾಲ ಮುಗಿಯಿತು, ಹೊಸದು ಕೊಳ್ಳಿ’ ಎಂದರು. ಮಣಿಪಾಲದ ಇನ್ನೊಂದರಲ್ಲಿ ತಿರುಗಿಸಿ ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ ಅದನ್ನೇ ಹೇಳಿದರು. ಮಣಿಪಾಲದಿಂದ ಇಳಿಯುವಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಸಿಕ್ಕಿದನು. ಅಲ್ಲಿಯೇ ಗಣಕಯಂತ್ರದ ಕೆಲಸದಲ್ಲಿದ್ದಾನೆ, ಮನೆ ಕಾಪುವಿನಲ್ಲಿ. ವಿಸರ್ಗಸಂಧಿಯಲ್ಲಿ ಎಂದೂ ಸರಿಯಾಗಿ ಬರೆದವನಲ್ಲ. ಜೋಳಿಗೆಯೊಳಗೆ ಏನೆಂದು ಕೇಳಿದನು, ಹೇಳಿದೆವು. ‘ಭಾನುವಾರ ಮನೆಗೆ ಬನ್ನಿ ಮಾಷ್ಟ್ರೇ, ನೋಡುವಾ’ ಎಂದನು.

ಅವನ ಮನೆಯ ಜಗಲಿಯಿಂದ ಕಾಪುವಿನ ದೀಪಸ್ತಂಭ ಕಾಣುತ್ತದೆ. ಪೆಟ್ಟಿಗೆಯನ್ನು ಟೆಲಿವಿಷನ್ನಿಗೆ ಜೋಡಿಸಿದ ಕೂಡಲೆ ಅವನು ಪರದೆಯ ಮೂಲೆಯೊಂದನ್ನು ಬೆರಳಿನಿಂದ ತೋರಿಸಿ ನಕ್ಕನು. ಅಲ್ಲಿ ಸಣ್ಣ ಅಕ್ಷರದಲ್ಲಿ, 1970ನೆಯ ಇಸವಿ ಜನವರಿ 1, ಬೆಳಿಗ್ಗೆ 5 ಗಂಟೆ 30 ನಿಮಿಷ ಎಂದಿತ್ತು.

‘ಇದು ಹಾಳಾದದ್ದಲ್ಲ ಮಾಷ್ಟ್ರೇ. ಇದಕ್ಕೆ ಇವತ್ತು ಯಾವ ದಿನವೆಂದು ಗೊತ್ತಿಲ್ಲ, ಅಷ್ಟೆ.’

ಅವನು ವಿವರಿಸಿದುದನ್ನು ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ. ಇಂಥ ಯಂತ್ರಗಳು ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುತ್ತವೆ. ಎಣಿಕೆಯ ಆರಂಭವನ್ನು ಗ್ರೀನಿಚ್ ಕಾಲಮಾನದಂತೆ 1970ರ ಜನವರಿ 1ರ ನಡುರಾತ್ರಿಗೆ ಇಟ್ಟಿದ್ದಾರೆ. ನಮ್ಮ ದೇಶದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದೆ ಇರುವುದರಿಂದ ಇಲ್ಲಿ ಅದು ಬೆಳಗಿನ ಐದೂವರೆ. ಎಣಿಕೆಯನ್ನು ಮರೆತ ಯಂತ್ರವು ಸೊನ್ನೆಗೆ ಹೋಗಿ ನಿಲ್ಲುತ್ತದೆ. ನಾವು ಲೆಕ್ಕ ಹಾಕಿ ನೋಡಿದೆವು: ಸೌಮ್ಯ ಸಂವತ್ಸರದ ಧನುರ್ಮಾಸ, ಗುರುವಾರ. ಆ ದಿನ ಮಂಗಳೂರು ಆಕಾಶವಾಣಿ ಇನ್ನೂ ಹುಟ್ಟಿಯೇ ಇರಲಿಲ್ಲ, ಅಕ್ಕನಿಗೆ ಮದುವೆಯಾಗಿರಲಿಲ್ಲ. ಪೆಟ್ಟಿಗೆಯು ಅಲ್ಲಿ ಕುಳಿತು ಮಂಗಳೂರಿಗಾಗಿ ಕಾಯುತ್ತಿತ್ತು.

ಕಾಲ ತಪ್ಪಿದರೆ ಶಬ್ದ ಏಕೆ ತಪ್ಪಬೇಕೆಂದು ನಾವು ಕೇಳಿದೆವು. ಅವನು ದೀಪಸ್ತಂಭದ ಕಡೆ ಕೈದೋರಿದನು. 1901ರಲ್ಲಿ ಕಟ್ಟಿದ ಆ ದೀಪವು ಕಡಲಿನಲ್ಲಿರುವ ಯಾವ ದೋಣಿಯನ್ನೂ ನೀನಾರೆಂದು ಕೇಳುವುದಿಲ್ಲ. ಬೆಳಕನ್ನು ಬೀರುತ್ತದೆ, ಕಂಡವರು ಕಾಣಬಹುದು. ಹಳೆಯ ರೇಡಿಯೋ ಅದೇ ಜಾತಿಯದು. ಅಂತರ್ಜಾಲದ ರೇಡಿಯೋ ಹಾಗಲ್ಲ. ಇಲ್ಲಿ ಕೇಳುವವನೇ ನಿಲಯದ ಬಾಗಿಲಿಗೆ ಹೋಗಿ ತಟ್ಟಬೇಕು. ಬಾಗಿಲು ತೆರೆದವನು ನಿಜವಾಗಿ ಆ ಮನೆಯವನೋ, ವೇಷಧಾರಿಯೋ ಎಂದು ತಿಳಿಯಬೇಡವೆ? ಅದಕ್ಕಾಗಿ ಅವನು ಒಂದು ಪ್ರಮಾಣಪತ್ರವನ್ನು ತೋರಿಸುತ್ತಾನೆ. ಅಶೋಕವನದಲ್ಲಿ ಹನುಮಂತನು ಉಂಗುರವನ್ನು ತೋರಿಸಿದಂತೆ ಎಂದು ನಾವು ಹೇಳಿದೆವು, ಹುಡುಗನು ಒಪ್ಪಿದನು. ಆದರೆ ಈ ಮುದ್ರಿಕೆಗೆ ಒಂದು ಅವಧಿಯುಂಟು: ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರಲ್ಲಿಯೇ ಬರೆದಿರುತ್ತದೆ. 1970ರಲ್ಲಿ ಕುಳಿತಿರುವ ಪೆಟ್ಟಿಗೆಯು ಅದನ್ನು ಓದಿ, ಇದರ ಅವಧಿ ಆರಂಭವಾಗಲು ಇನ್ನೂ ಐವತ್ತು ವರ್ಷಗಳಿವೆ, ಇದು ಮೋಸ ಎಂದು ತೀರ್ಮಾನಿಸಿ ಬಾಗಿಲಿನಿಂದ ಹಿಂದಿರುಗುತ್ತದೆ. ಅದರ ತರ್ಕದಲ್ಲಿ ದೋಷವಿಲ್ಲ, ಪಂಚಾಂಗ ಹಳೆಯದು. ಸೌರ ಚಾಂದ್ರಗಳ ವ್ಯತ್ಯಾಸದಿಂದ ಒಂದೇ ಬೀದಿಯ ಎರಡು ಮನೆಗಳಲ್ಲಿ ಅಷ್ಟಮಿಯು ಬೇರೆ ಬೇರೆ ದಿನ ಬರುವುದನ್ನು ಕಂಡ ಉಡುಪಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಹಲವಕ್ಕೆ ಕಾಲವನ್ನು ಹಿಡಿದಿಡುವ ಸ್ವಂತ ಬ್ಯಾಟರಿ ಇರುವುದಿಲ್ಲ. ವಿದ್ಯುತ್ತು ಹೋಗಿ ಬಂದೊಡನೆ ಅವು ಅಂತರ್ಜಾಲದಲ್ಲಿ ಗೊತ್ತಾದ ಒಂದು ವಿಳಾಸಕ್ಕೆ ಹೋಗಿ ಗಂಟೆ ಎಷ್ಟೆಂದು ಕೇಳಿಕೊಳ್ಳುತ್ತವೆ. ನಮ್ಮ ಪೆಟ್ಟಿಗೆಗೆ ಗೊತ್ತಿದ್ದ ವಿಳಾಸವನ್ನು ಅದರ ತಯಾರಕರು ಎಂದೋ ಮುಚ್ಚಿದ್ದರು. ಇನ್ವರ್ಟರಿನ ದಯದಿಂದ ಅದು ಅಷ್ಟು ಕಾಲ ಆರದೆ ನಡೆದಿದ್ದರಿಂದ ಆ ಸಂಗತಿಯು ಹೊರಬಿದ್ದಿರಲಿಲ್ಲ.

ಹೀಗೆ ಕಾಲವನ್ನು ಕೇಳಿ ತಿಳಿಯುವ ಕ್ರಮವನ್ನು ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್ ಎಂಬ ಪ್ರಾಧ್ಯಾಪಕರು. ಅದು 1985ರಲ್ಲಿ ಪ್ರಕಟವಾಯಿತು. ಪ್ರಶ್ನೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಯಂತ್ರವು ಅಳೆದು, ದಾರಿಯಲ್ಲಿ ಕಳೆದ ಕಾಲವನ್ನು ಲೆಕ್ಕಕ್ಕೆ ಹಿಡಿದು, ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ಇಂದು ಲೋಕದ ಎಣಿಸಲಾರದಷ್ಟು ಯಂತ್ರಗಳು ಈ ಕ್ರಮದಿಂದಲೇ ಒಂದೇ ಕಾಲದಲ್ಲಿ ಬಾಳುತ್ತಿವೆ. ಮಿಲ್ಸರ ವಿಷಯದಲ್ಲಿ ಶಿಷ್ಯನು ಹೇಳಿದ ಇನ್ನೊಂದು ಮಾತು ನಮ್ಮನ್ನು ಕ್ಷಣಕಾಲ ಮೂಕರನ್ನಾಗಿ ಮಾಡಿತು. ಅವರಿಗೆ ಹುಟ್ಟಿನಿಂದಲೇ ಗ್ಲಾಕೋಮ. ಬಾಲ್ಯದ ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣಿನಲ್ಲಿ ಸ್ವಲ್ಪ ನೋಟ ಉಳಿದಿತ್ತು. ಮುಂದೆ ಅದೂ ಹೋಯಿತು. 2024ರ ಜನವರಿಯಲ್ಲಿ ತೀರಿಕೊಂಡರು. ಯಾವ ರೋಗದಿಂದ ನಮ್ಮ ಅಕ್ಕನು ಬೆಳಕನ್ನು ಕಳೆದುಕೊಂಡಳೋ ಆ ರೋಗವನ್ನೇ ಹೊತ್ತಿದ್ದ ಒಬ್ಬರು ದೂರದ ದೇಶದಲ್ಲಿ ಕುಳಿತು ಮಾಡಿದ ಕೆಲಸವು ಅವಳ ಕುರ್ಚಿಯವರೆಗೆ ಬಂದು ಮುಟ್ಟಬೇಕಾಗಿತ್ತು.

ಪರಿಹಾರವು ಸುಲಭವಾಗಿಯೇ ಇತ್ತು. 2003ರಿಂದ ಲೋಕದ ಸ್ವಯಂಸೇವಕರು ಸೇರಿ ಯಾರು ಕೇಳಿದರೂ ಕಾಲವನ್ನು ಹೇಳುವ ಒಂದು ಕೂಟವನ್ನು ನಡೆಸುತ್ತಿದ್ದಾರೆ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಹಳೆಯ ವಿಳಾಸವನ್ನು ಅಳಿಸಿ ಆ ಕೂಟದ ವಿಳಾಸವನ್ನು ಬರೆದನು. ಪರದೆಯ ಮೂಲೆಯಲ್ಲಿ ಐವತ್ತೈದು ವರ್ಷಗಳು ಒಂದೇ ನಿಮಿಷದಲ್ಲಿ ಕಳೆದು ಅಂದಿನ ದಿನ ಬಂದು ನಿಂತಿತು. ಒಂದನ್ನು ಒತ್ತಿದನು. ಮಂಗಳೂರು ಮಾತಾಡಿತು.

ಮೂರು, ಐದು, ಏಳು ಕೂಡ ಬಂದವು. ಎರಡು, ನಾಲ್ಕು, ಆರು ಬರಲಿಲ್ಲ. ಶಿಷ್ಯನು ಸ್ವಲ್ಪ ಹೊತ್ತು ಪರೀಕ್ಷಿಸಿ, ‘ಇವು ಮೂರು ಮೊನ್ನೆ ನಿಂತವಲ್ಲ ಮಾಷ್ಟ್ರೇ, ಹೆಚ್ಚುಕಡಿಮೆ ಒಂದು ವರ್ಷದಿಂದ ಇಲ್ಲ’ ಎಂದನು. ಸೋದರಳಿಯನು ಆ ಮೂರು ವಿಳಾಸಗಳನ್ನು ನಿಲಯಗಳಿಂದ ನೇರವಾಗಿ ಪಡೆಯದೆ ಮಧ್ಯವರ್ತಿಯಾದ ಒಂದು ಪಟ್ಟಿಯಿಂದ ತೆಗೆದುಕೊಂಡಿದ್ದನಂತೆ. ಆ ಪಟ್ಟಿಯೇ ಮುಚ್ಚಿಹೋಗಿತ್ತು.

ಒಂದು ವರ್ಷ! ಸಂಸ್ಕೃತ ವಾರ್ತೆಯ ಪ್ರಶ್ನೆಗಳು ನಿಂತದ್ದು ಆಗಲೇ ಅಲ್ಲವೆ? ಕೂಡಲೆ ಕಾರ್ಕಳಕ್ಕೆ ದೂರವಾಣಿ ಮಾಡಿ ಕೇಳಿದೆವು. ‘ಹೌದು ಮಾರಾಯ, ನಾಲ್ಕು ಬರುವುದು ನಿಂತಿತ್ತು. ಎಲ್ಲರಿಗೂ ಅವರವರ ಕೆಲಸ. ಉಳಿದದ್ದು ಬರುತ್ತಿತ್ತಲ್ಲ, ಯಾಕೆ ಹೇಳುವುದು ಎಂದು ಸುಮ್ಮನಿದ್ದೆ’ ಎಂದಳು. ನಾವು ಏನನ್ನೂ ಹೇಳಲಾರದೆ ಹೋದೆವು. ಅಂಗಡಿಯವನು ಪೆಟ್ಟಿಗೆಯ ವಿಷಯದಲ್ಲಿ ಯಾವ ತೀರ್ಪನ್ನು ಕೊಟ್ಟನೋ ಅದನ್ನೇ ನಾವು ಒಡಹುಟ್ಟಿದವಳ ವಿಷಯದಲ್ಲಿ ಒಂದು ವರ್ಷದ ಹಿಂದೆ ಕೊಟ್ಟಿದ್ದೆವು. ಅವನಾದರೋ ತಿರುಗಿಸಿ ನೋಡಿದ್ದನು.

ಹೊಸ ವಿಳಾಸಗಳನ್ನು ಬರೆಯುವ ಕೆಲಸವನ್ನು ನಾವೇ ಮಾಡುವೆವೆಂದು ಹಟ ಹಿಡಿದೆವು. ಪಟ್ಟಿಯೆಂದರೆ ಸರಳವಾದ ಒಂದು ಬರಹ: ಒಂದು ಸಾಲಿನಲ್ಲಿ ನಿಲಯದ ಹೆಸರು, ಅದರ ಕೆಳಗಿನ ಸಾಲಿನಲ್ಲಿ ವಿಳಾಸ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಪೆಟ್ಟಿಗೆಗೆ ಚುಚ್ಚಿದರೆ ಅದು ಓದಿಕೊಳ್ಳುತ್ತದೆ. ಎರಡು ಬಂದಿತು, ನಾಲ್ಕು ಬರಲಿಲ್ಲ. ಶಿಷ್ಯನು ನಮ್ಮ ಬರಹವನ್ನು ನೋಡಿ ವಿನಯದಿಂದ, ‘ಒಂದು ಅಕ್ಷರ ಬಿಟ್ಟಿದ್ದೀರಿ’ ಎಂದನು. ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿ’ ಎಂದು ಬರೆದಿದ್ದೆವು. ಕೊನೆಯಲ್ಲಿ ಒಂದು ‘ಎಸ್’ ಇರಬೇಕಾಗಿತ್ತು. ಮುದ್ರೆಯನ್ನು ಕೇಳುವ ಬಾಗಿಲಿಗೂ ಕೇಳದ ಬಾಗಿಲಿಗೂ ಇರುವ ಭೇದವನ್ನು ಆ ಒಂದು ಅಕ್ಷರವು ಹೇಳುತ್ತದಂತೆ. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಸಂಭ್ರಮಿಸುತ್ತಾರೆಂದು ವೈಯಾಕರಣರನ್ನು ಹಾಸ್ಯ ಮಾಡುವುದುಂಟು; ಇಲ್ಲಿ ಒಂದು ಅಕ್ಷರವನ್ನು ಉಳಿಸಿ ನಾವು ದಿಲ್ಲಿಯನ್ನೇ ಕಳೆದುಕೊಂಡಿದ್ದೆವು. ವಿಸರ್ಗಸಂಧಿಗಾಗಿ ಅವನಿಗೆ ಅಂದು ಕಳೆದ ಅಂಕಗಳನ್ನು ಮನಸ್ಸಿನಲ್ಲಿಯೇ ಹಿಂದಿರುಗಿಸಿದೆವು.

ಆರು ಮಾತ್ರ ಬರಲಿಲ್ಲ. ಅದರ ಬೀಗವು ಹೊಸ ಮಾದರಿಯದು. ಬೀಗಗಳ ಎರಡು ಹಳೆಯ ಮಾದರಿಗಳನ್ನು 2021ರ ಮಾರ್ಚಿಯಲ್ಲಿ ಅಂತರ್ಜಾಲದ ನಿಯಮಗಳನ್ನು ಗೊತ್ತುಮಾಡುವ ಮಂಡಲಿಯು ಅಧಿಕೃತವಾಗಿ ಕೈಬಿಟ್ಟಿತು. ಅವುಗಳಲ್ಲಿ ದೌರ್ಬಲ್ಯಗಳು ಕಂಡುಬಂದಿದ್ದವು. ಅದೇ ವರ್ಷದ ಸೆಪ್ಟೆಂಬರ್ 30ರಂದು, ಲೋಕದಲ್ಲಿ ಬಹಳ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿಯೂ ಮುಗಿದು, ಹೊಸದನ್ನು ಅರಿಯದ ಹಳೆಯ ಯಂತ್ರಗಳು ಎಷ್ಟೋ ಮನೆಗಳಲ್ಲಿ ಒಂದೇ ದಿನ ಮೂಕವಾದುವಂತೆ. ನಮ್ಮ ಪೆಟ್ಟಿಗೆಗೆ ಹೊಸ ಬೀಗದ ವಿದ್ಯೆಯನ್ನು ಕಲಿಸಬೇಕಾದವರು ಅದರ ತಯಾರಕರು; ಅವರು ಕಲಿಸುವುದನ್ನು ನಿಲ್ಲಿಸಿದ್ದಾರೆ. ಎಲ್ಲವನ್ನೂ ಸರಿಪಡಿಸಿದೆವೆಂದು ಬರೆಯುವುದು ಸುಳ್ಳಾದೀತು. ಒಂದಲ್ಲ ಒಂದು ದಿನ ಉಳಿದ ನಿಲಯಗಳೂ ಬೀಗವನ್ನು ಬದಲಿಸಬಹುದು. ಆಗ ಹೊಸ ಪೆಟ್ಟಿಗೆಯೇ ಗತಿ. ಆದರೆ ಐದರ ಮೇಲೆ ಉಬ್ಬಿರುವ ರಿಮೋಟು ಉಳ್ಳದ್ದನ್ನೇ ಹುಡುಕಿ ತರಬೇಕೆಂದು ಈಗ ತಿಳಿದಿದೆ.

ಆರು ಖಾಲಿಯಾಯಿತಲ್ಲ, ಏಳನ್ನು ಅಲ್ಲಿಗೆ ಸರಿಸೋಣವೆ ಎಂದು ಶಿಷ್ಯನು ಕೇಳಿದನು. ಬೇಡವೆಂದೆವು. ಅವನಿಗೆ ಅದು ಪಟ್ಟಿ. ಅಕ್ಕನಿಗೆ ಅದು ಅವಳ ಮನೆಯ ಮೆಟ್ಟಿಲು. ಕತ್ತಲೆಯಲ್ಲಿ ನಡೆಯುವವರ ಮೆಟ್ಟಿಲನ್ನು ಸರಿಸಬಾರದು.

ಮನೆಯಲ್ಲಿ ಇಂಥ ಹಳೆಯ ಪೆಟ್ಟಿಗೆಯು ಮೌನವಾದರೆ, ಎಸೆಯುವ ಮುನ್ನ ಮೂರು ಸಂಗತಿಗಳನ್ನು ನೋಡಬೇಕೆಂದು ವಾಚಕರಿಗೆ ನಮ್ಮ ವಿಜ್ಞಾಪನೆ. ಮೊದಲು ಪರದೆಯ ಮೇಲಿನ ದಿನಾಂಕ. ಎರಡನೆಯದಾಗಿ, ನಿಲಯದ ವಿಳಾಸವು ಬದಲಾಗಿದೆಯೇ ಎಂಬುದು. ಇವೆರಡೂ ಸರಿಯಿದ್ದರೆ ಮೂರನೆಯದಾಗಿ ಬೀಗ. ಮೊದಲೆರಡಕ್ಕೆ ಹಣ ಬೇಕಾಗಿಲ್ಲ, ಒಂದು ಮಧ್ಯಾಹ್ನ ಸಾಕು. ಮನೆಯಲ್ಲಿ ವಯಸ್ಸಾದವರೊಬ್ಬರು ಹಿಂದೆ ಆಡುತ್ತಿದ್ದ ಮಾತನ್ನು ಆಡದೆ ಬಿಟ್ಟಿದ್ದರೆ, ಅದನ್ನೂ ಅದೇ ಮಧ್ಯಾಹ್ನ ವಿಚಾರಿಸುವುದು ಒಳ್ಳೆಯದು.

ಪೆಟ್ಟಿಗೆಯನ್ನು ಸೋಮವಾರವೇ ಕಾರ್ಕಳಕ್ಕೆ ಒಯ್ದು ಜೋಡಿಸಿದೆವು. ಅಕ್ಕನು ಐದರ ಉಬ್ಬನ್ನು ಮುಟ್ಟಿ ನೋಡಿ, ಒಂದು ಹೆಜ್ಜೆ ಎಡಕ್ಕೆ ಸರಿದಳು. ಯಾವುದೋ ಭಾಷಣ ಬರುತ್ತಿತ್ತು; ಅದನ್ನೇ ಕೊನೆಯವರೆಗೂ ಕೇಳಿದಳು. ಆರರಲ್ಲಿ ಏನೂ ಬರುವುದಿಲ್ಲವೆಂದು ಹೇಳಿದೆವು. ‘ಇರಲಿ, ದಿನಕ್ಕೊಮ್ಮೆ ಒತ್ತಿ ನೋಡುತ್ತೇನೆ’ ಎಂದಳು. ಮರುದಿನ ಬೆಳಿಗ್ಗೆ ನಾವು ಸ್ನಾನಕ್ಕೆ ಹೊರಟಿದ್ದಾಗ ದೂರವಾಣಿ ಕೂಗಿತು.

‘ಇವತ್ತು ವಾರ್ತೆಯಲ್ಲಿ ಮಳೆಗೆ ಏನೋ ಒಂದು ಶಬ್ದ ಹೇಳಿದರು ಮಾರಾಯ’ ಎಂದು ಆರಂಭಿಸಿದಳು. ಸ್ನಾನಕ್ಕೆ ಅರ್ಧ ಗಂಟೆ ತಡವಾಯಿತು.